ಬಿಳಿ ಕವರಿನ ಗಂಟು

ಹಳದಿ ಬ್ಯಾಗಿನ ಜಿಪ್ಪು ಅರ್ಧ ತೆರೆದೇ ಇದೆ, ಒಳಗಿನಿಂದ ಬಾಚಣಿಗೆಯ ಹಲ್ಲು ಇಣುಕುತ್ತಿದೆ, ನೀರಿನ ಬಾಟಲಿಯ ಮುಚ್ಚಳ, ಮಡಿಸಿದ ನೋಟಿನ ಮೂಲೆ ಕೂಡ, ಹೀಗೆ ಊರಿಗೆಲ್ಲ ತೋರಿಸಿಕೊಂಡು ಬಿಟ್ಟು ಹೋಗುವವರೂ ಇದ್ದಾರಲ್ಲ — ಇದನ್ನು ಅಂದುಕೊಂಡದ್ದು ತಾನೋ ಅವನೋ, ಅವಳಿಗೆ ಗೊತ್ತಾಗಲಿಲ್ಲ, ಇಂಥ ಮಾತುಗಳೆಲ್ಲ ಈಗಲೂ ಗಂಡನ ದನಿಯಲ್ಲೇ ತಲೆಯೊಳಗೆ ಏಳುತ್ತವೆ, ಅವನು ತೀರಿಕೊಂಡು ವರ್ಷವಾಗುತ್ತ ಬಂದರೂ ಆ ದನಿಗೆ ಅದು ಗೊತ್ತಾದ ಹಾಗಿಲ್ಲ. ಕಾಲೇಜಿನ ಕಾಂಪೌಂಡ್ ಗೋಡೆಯುದ್ದಕ್ಕೂ ಬ್ಯಾಗುಗಳು, ಬೆನ್ನಿಗೆ ಹಾಕುವವು, ಹೆಗಲಿಗೆ ಹಾಕುವವು, ತರಕಾರಿ ತರುವ ಬಟ್ಟೆಯ ಕೈಚೀಲ, ಒಂದರ ಮೇಲೊಂದು ಬಿದ್ದುಕೊಂಡಿವೆ, ಅವುಗಳ ಮೇಲೆ ಗೋಡೆಗೆ ಅಂಟಿಸಿದ ಕಾಗದ, ಪರೀಕ್ಷಾ ಕೊಠಡಿಯೊಳಗೆ ಬ್ಯಾಗು, ಮೊಬೈಲು ತರುವಂತಿಲ್ಲ, ವಸ್ತುಗಳು ಕಳೆದುಹೋದರೆ ಆಡಳಿತ ಮಂಡಳಿ ಜವಾಬ್ದಾರಿಯಲ್ಲ, ಕೊನೆಯ ಸಾಲಿನ ಕೆಳಗೆ ದಪ್ಪ ಗೆರೆ ಬೇರೆ. ಬಾಗಿಲಲ್ಲಿ ನಿಂತ ಕಾವಲಿನ ಹೆಂಗಸು ಒಬ್ಬೊಬ್ಬರನ್ನೇ ತಡವಿ ನೋಡಿ ಒಳಗೆ ಬಿಡುತ್ತಿದ್ದಾಳೆ, ಪೆನ್ನು, ಪ್ರವೇಶ ಪತ್ರ, ಗುರುತಿನ ಚೀಟಿ, ಅಷ್ಟೇ, ಮಿಕ್ಕಿದ್ದೆಲ್ಲ ಅಲ್ಲಿಡಿ, ರೀ ಮೇಡಂ, ನಿಮಗೇ ಹೇಳ್ತಿರೋದು, ಹಂಗೆ ಬ್ಯಾಗ್ ಅಪ್ಪಿಕೊಂಡು ಒಳಗೆ ಹೋಗಕ್ಕಾಗಲ್ಲ. ಅಪ್ಪಿಕೊಂಡಿದ್ದಾಳೆಯೇ, ಹೌದು, ಎರಡೂ ಕೈಯಲ್ಲಿ, ಹೊಟ್ಟೆಗೆ ಒತ್ತಿ, ಪಟ್ಟಿಯನ್ನು ಮುಂಗೈಗೆ ಸುತ್ತಿ, ಅವನು ಕಲಿಸಿದ ಹಾಗೆ, ಹೆಗಲಿಗೆ ಹಾಕಿದ್ರೆ ಕಿತ್ಕೊಂಡು ಓಡ್ತಾರೆ, ಕೈಗೆ ಸುತ್ತಿದ್ರೆ ನಿನ್ನನ್ನೂ ಎಳ್ಕೊಂಡು ಓಡ್ಬೇಕು, ನಿನ್ನ ತೂಕಕ್ಕೆ ಯಾವ ಕಳ್ಳನೂ ಒಪ್ಪಲ್ಲ ಬಿಡು. ಮೊಬೈಲು ಹೋದರೆ ಹೋಗಲಿ, ದುಡ್ಡು ಹೋದರೂ ಹೋಗಲಿ, ಬ್ಯಾಗಿನ ತಳದಲ್ಲಿ ಆಸ್ಪತ್ರೆಯ ಬಿಳಿ ಪ್ಲಾಸ್ಟಿಕ್ ಕವರಿದೆ, ಗಂಟು ಹಾಕಿದ್ದು, ಒಳಗೆ ಅವನ ಕನ್ನಡಕ, ಬೆಲ್ಟು, ಪರ್ಸು, ವಾಚು, ಆ ಗಂಟನ್ನು ಅವತ್ತಿನಿಂದ ಬಿಚ್ಚಿಲ್ಲ, ಆ ಕವರನ್ನು ಅವತ್ತಿನಿಂದ ಕಣ್ಣಳತೆಯ ಆಚೆ ಬಿಟ್ಟಿಲ್ಲ, ಸ್ನಾನಕ್ಕೆ ಹೋದರೆ ಬಚ್ಚಲಿನ ಮೊಳೆಗೆ, ಮಲಗಿದರೆ ದಿಂಬಿನ ಮಗ್ಗುಲಿಗೆ. ಹೋದ ಸಲದ ಪರೀಕ್ಷೆಗೂ ಇಲ್ಲಿತನಕ ಬಂದಿದ್ದಳು, ಇದೇ ಗೋಡೆ, ಇದೇ ಕಾಗದ, ಓದಿ, ತಿರುಗಿ ಬಸ್ಸು ಹತ್ತಿದ್ದಳು, ಪೇಪರ್ ಕಷ್ಟ ಇತ್ತು ಅಂತ ಅಕ್ಕನಿಗೆ ಹೇಳಿದ್ದಳು, ಅಕ್ಕ ನಂಬಿದ ಹಾಗೆ ಮಾಡಿದ್ದಳು. ಇವತ್ತು ಬೆಳಿಗ್ಗೆ ಬಸ್ ಸ್ಟಾಪಿನ ತನಕ ಬಂದು ಅಕ್ಕ ಅಂದಳು, ನೋಡೇ, ವಯಸ್ಸಿನ ಮಿತಿ ದಾಟೋಕೆ ಮುಂಚೆ ನಿನಗಿದೇ ಕೊನೇದು, ಲೈಬ್ರರಿ ಕೆಲಸ ನಿನ್ನ ಓದಿಗೆ ಹೇಳಿ ಮಾಡಿಸಿದ ಹಾಗಿದೆ, ಆ ಕವರನ್ನ ನನ್ನ ಬೀರುವಲ್ಲಿಟ್ಟು ಹೋಗು ಅಂದ್ರೆ ಕೇಳಲ್ಲ, ಅದನ್ನೇ ಹೊತ್ಕೊಂಡು ಮುದುಕಿ ಆಗ್ತೀಯಾ. ಕಳ್ಳರು ಮೊದಲು ಕೈ ಹಾಕೋದೇ ಬೀರುಗೆ — ಅಂದಳು ಇವಳು, ಅಕ್ಕ ಮುಖ ಆಚೆ ತಿರುಗಿಸಿಕೊಂಡಳು, ಅದು ಯಾರ ಮಾತು ಅಂತ ಇಬ್ಬರಿಗೂ ಗೊತ್ತಿತ್ತು.

ಲೈಬ್ರರಿ ಅಂದರೆ ಅವನು, ಯೂನಿವರ್ಸಿಟಿಯ ಓದುವ ಕೋಣೆ, ಉದ್ದನೆಯ ಮರದ ಮೇಜು, ಮೇಜಿನ ಮೇಲೆ ಯಾರೋ ಕೈವಾರದಲ್ಲಿ ಕೆತ್ತಿದ ಹೃದಯ, ಹೃದಯದೊಳಗೆ ಅಳಿಸಿಹೋದ ಎರಡು ಅಕ್ಷರ, ಗೋಡೆಯ ಮೇಲೆ ಅಲ್ಲೂ ಒಂದು ಬೋರ್ಡು, ನಿಮ್ಮ ವಸ್ತುಗಳಿಗೆ ನೀವೇ ಜವಾಬ್ದಾರರು. ಎದುರಿಗೆ ಕೂತಿದ್ದ ತೆಳ್ಳನೆಯ ಹುಡುಗ ಎದ್ದು ನಿಂತು, ಏನ್ರೀ, ಸ್ವಲ್ಪ ಈ ಬ್ಯಾಗ್ ನೋಡ್ಕೊಳ್ತೀರಾ, ಈಗ ಬಂದೆ, ಅಂದ, ಹೋದವನು ಹೋದ, ಅವಳ ಕ್ಲಾಸಿನ ಗಂಟೆ ಹೊಡೆಯಿತು, ಬರಲಿಲ್ಲ, ಗೆಳತಿ ಬಾಗಿಲಲ್ಲಿ ನಿಂತು ಕೈಬೀಸಿ ಕರೆದಳು, ಬರಲಿಲ್ಲ, ಹಸಿವಾಯಿತು, ಬೇರೆಯವರ ಬ್ಯಾಗಿಗೆ ಹೀಗೆ ಕಟ್ಟುಬಿದ್ದು ಕೂರುವುದೆಂದರೇನು ಎಂದು ಮೈ ಉರಿಯಿತು, ಆದರೂ ಏಳಲಾಗಲಿಲ್ಲ, ನೋಡ್ಕೊಳ್ತೀನಿ ಎಂದು ತಲೆಯಾಡಿಸಿ ಆಗಿತ್ತಲ್ಲ. ಕೊನೆಗೆ ಅವನು ಬಂದದ್ದು ಹೊರಗಿನಿಂದಲ್ಲ, ಪತ್ರಿಕೆಗಳ ಸ್ಟ್ಯಾಂಡಿನ ಹಿಂದಿನಿಂದ, ನಗುತ್ತ, ಅಲ್ಲೇ ಇದ್ದನಂತೆ ಅಷ್ಟು ಹೊತ್ತೂ, ಸಂದಿಯಿಂದ ನೋಡುತ್ತ, ಬೇಜಾರು ಮಾಡ್ಕೋಬೇಡಿ, ಹೋದ ವಾರದಿಂದ ಒಬ್ಬೊಬ್ಬರಿಗೇ ಬ್ಯಾಗ್ ಒಪ್ಪಿಸಿ ನೋಡ್ತಿದ್ದೀನಿ, ಎಲ್ಲರೂ ಹೂಂ ಅಂತಾರೆ, ಆಮೇಲೆ ಪಕ್ಕದವರಿಗೆ ಹೇಳಿ ಎದ್ದು ಹೋಗ್ತಾರೆ, ಆ ಪಕ್ಕದವರು ಇನ್ನೊಬ್ಬರಿಗೆ, ಕೊನೆಗೆ ಯಾರಿಗೂ ಗೊತ್ತಿಲ್ಲ ಬ್ಯಾಗ್ ಯಾರದು ಅಂತ, ನೀವೊಬ್ಬರೇ ಕೂತಿದ್ದು. ಅಂದ್ರೆ ಪರೀಕ್ಷೆ ಮಾಡ್ತಿದ್ರಾ ನನ್ನ. ಹೂಂ. ನಿಮಗೆ ಬೇರೆ ಕೆಲಸ ಇಲ್ವಾ. ಇತ್ತು, ಮುಗೀತು, ನೀವು ಪಾಸು. ಸಿಟ್ಟಿನಲ್ಲಿ ಅವಳು ಆ ಬ್ಯಾಗನ್ನು ಎತ್ತಿ ಅವನ ಎದೆಗೆ ಎಸೆದಳು, ಹಗುರಾಗಿ ಹಾರಿತು, ಒಳಗೆ ಏನೂ ಇರಲಿಲ್ಲ, ಮುರಿದ ಕೊಡೆಯೊಂದನ್ನು ಬಿಟ್ಟರೆ. ಅಲ್ಲಿಂದ ಮುಂದಕ್ಕೆ ಎಲ್ಲ ಸಲೀಸು, ಟೀ, ನಡಿಗೆ, ಜಗಳ, ನೀವು ಹೋಗಿ ನೀನು, ಅವನ ಗೆಳೆಯರು ಅವನನ್ನು ಖಜಾಂಚಿ ಎಂದು ಕರೆಯುತ್ತಿದ್ದರು, ಹಾಸ್ಟೆಲಿನಲ್ಲಿ ಸೋಪಿನ ಡಬ್ಬಿಗೂ ಬೀಗ ಹಾಕುತ್ತಿದ್ದನೆಂದು, ಖಜಾಂಚಿ ಕೊನೆಗೂ ಬೀಗ ಹಾಕದೇನೇ ಒಂದು ಹುಡುಗೀನ ನಂಬಿದ ಕಣ್ರೋ ಎಂದು ಮದುವೆಯ ದಿನ ಗೆಳೆಯನೊಬ್ಬ ಕೂಗಿದ್ದು, ಅತ್ತೆಯೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದು.

ಇಲ್ಲಿ ಕೊಡಮ್ಮ, ನನ್ನ ಹತ್ರ ಇಡು, ಎನ್ನುತ್ತಿದ್ದಾರೆ ಯಾರೋ, ಗೋಡೆಯ ಬುಡದಲ್ಲಿ ಪೇಪರು ಹಾಸಿ ಕೂತ ದಪ್ಪನೆಯ ಹೆಂಗಸು, ಮಡಿಲಲ್ಲಿ ಮಗಳದೇ ಇರಬೇಕು, ಹಸಿರು ಬ್ಯಾಗು, ನನ್ನ ಮಗಳೂ ಒಳಗೆ ಹೋಗಿದ್ದಾಳೆ, ಮುಗಿಯೋ ತನಕ ನಾನೆಲ್ಲಿ ಹೋಗ್ಲಿ, ನನ್ನ ದಾಟಿ ಹೋಗ್ಬೇಕು ಅಂದ್ರೆ ಕಳ್ಳ ಏಣಿ ತರ್ಬೇಕು. ನಗಬೇಕಿತ್ತು, ತುಟಿ ಅರ್ಧಕ್ಕೇ ನಿಂತಿತು, ಇಲ್ಲ, ಪರವಾಗಿಲ್ಲಮ್ಮ, ಇನ್ನೂ ಹೊತ್ತಿದೆ. ಕಳ್ಳ ಏಣಿ ತರ್ಬೇಕು — ಅವನಿದ್ದಿದ್ದರೆ ಈ ಹೆಂಗಸಿನ ಪಕ್ಕ ಚಕ್ಕಂಬಕ್ಕಲ ಹಾಕಿ ಕೂತುಬಿಡುತ್ತಿದ್ದ, ಏಣಿ ಯಾಕಮ್ಮ, ನಿಮಗೆ ಒಂದು ತಟ್ಟೆ ತಿಂಡಿ ತಂದುಕೊಟ್ರೆ ಸಾಲದಾ, ನೀವು ಆ ಕಡೆ ತಿರುಗಿದ್ರಿ ಅಂದ್ರೆ ಮುಗೀತು. ಹೊಸ ಸಂಸಾರ, ಬಾಡಿಗೆಯ ಒಂದೂವರೆ ಕೋಣೆ, ಅವನಿಗೆ ಔಷಧಿ ಗೋದಾಮಿನಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ, ಮೊದಲ ಭಾನುವಾರವೇ ಕಿಟಕಿಗೆ ಬಳಿದು ಮಿಕ್ಕಿದ ನೀಲಿ ಬಣ್ಣದ ಡಬ್ಬಿ ಹಿಡಿದು ಕೂತ, ಪಾತ್ರೆಗಳ ತಳಕ್ಕೆ ಒಂದೊಂದು ಚುಕ್ಕೆ, ಕೊಡೆಯ ಹಿಡಿಗೆ ಚುಕ್ಕೆ, ಇಸ್ತ್ರಿ ಪೆಟ್ಟಿಗೆಗೆ, ಬಾಚಣಿಗೆಗೆ, ನಾಳೆ ಪೊಲೀಸರು ಕಳ್ಳನ್ನ ಹಿಡಿದು ಸಾಮಾನೆಲ್ಲ ಗುಡ್ಡೆ ಹಾಕಿ ನಿಮ್ಮದ್ಯಾವುದು ತೋರಿಸಿ ಅಂದ್ರೆ ಏನಂತೀಯಾ, ಗುರುತು ಬೇಡ್ವಾ. ಬಾಚಣಿಗೆ ಕದ್ದವನನ್ನ ಪೊಲೀಸರು ಹಿಡೀತಾರಾ. ನಗು ನಗು, ಇರು, ನಿನಗೂ ಒಂದಿಡ್ತೀನಿ — ಕಾಲು ಹಿಡಿದೆಳೆದು ಹಿಮ್ಮಡಿಗೆ ಚುಕ್ಕೆ ಇಟ್ಟೇಬಿಟ್ಟ, ಕಚಗುಳಿಗೆ ಅವಳು ಒದ್ದಳು, ಡಬ್ಬಿ ಉರುಳಿತು, ನೆಲದ ಮೇಲೆ ನೀಲಿ ಹರಿದು ಹಾಗೇ ಒಣಗಿತು, ಹಿಮ್ಮಡಿಯ ಚುಕ್ಕೆ ಉಜ್ಜಿದರೂ ಬಹಳ ದಿನ ಹೋಗಲಿಲ್ಲ, ಬಸ್ಸಿನಲ್ಲಿ ಚಪ್ಪಲಿ ಬಿಟ್ಟು ಕೂತಾಗ ಪಕ್ಕದವರು ನೋಡುತ್ತಿದ್ದರು. ಆಮೇಲೆ ಚಪ್ಪಲಿಗಳು, ಹಳೇ ಸಾಮಾನಿನ ಅಂಗಡಿಯಿಂದ ಅವನೇ ಆರಿಸಿ ತಂದದ್ದು, ದೋಣಿಯಷ್ಟು ದೊಡ್ಡವು, ಅವನ ಎರಡೂ ಪಾದ ಒಂದರಲ್ಲೇ ಹಿಡಿಯುತ್ತಿದ್ದವು, ಇದನ್ನ ಬಾಗಿಲ ಹೊರಗೆ ಬಿಟ್ಟಿರು, ನಾನಿಲ್ಲದಾಗ ಯಾರಾದ್ರೂ ಬಂದ್ರೆ ಒಳಗೆ ಪೈಲ್ವಾನ್ ಇದ್ದಾನೆ ಅನ್ಕೋಬೇಕು, ದಿನಾ ಬೆಳಿಗ್ಗೆ ಸ್ವಲ್ಪ ಆಚೆ ಈಚೆ ಸರಿಸು, ಇದ್ದಲ್ಲೇ ಇದ್ರೆ ಧೂಳು ಕೂತು ಗುಟ್ಟು ಗೊತ್ತಾಗುತ್ತೆ. ಹಾಲಿನವಳು ಒಂದು ದಿನ ಕೇಳಿಯೇ ಕೇಳಿದಳು, ಅಲ್ಲಕ್ಕ, ನಿಮ್ಮ ಯಜಮಾನ್ರು ಇಷ್ಟು ಸಣ್ಣಗಿದ್ದಾರೆ, ಈ ಚಪ್ಪಲಿ ಯಾರದು, ಅವಳಿಗೆ ಥಟ್ಟನೆ ಏನೂ ತೋಚದೆ, ಭಾವಂದು, ಒಳಗೆ ಮಲಗಿದ್ದಾರೆ, ಎಂದುಬಿಟ್ಟಳು, ಓಣಿಯಲ್ಲೆಲ್ಲ ಸುದ್ದಿಯಾಯಿತು, ಆ ಮನೆಯಲ್ಲೊಬ್ಬ ಭಾವ ಇದ್ದಾನಂತೆ, ಎದ್ದದ್ದನ್ನು ಯಾರೂ ನೋಡಿಲ್ಲವಂತೆ. ಯಾಕೋ ನಿನಗೆ ಇಷ್ಟು ಭಯ, ಒಮ್ಮೆ ಕೇಳಿದ್ದಳು, ಅವನು ತಮಾಷೆ ಮಾಡಿದ, ಹೇಳಲಿಲ್ಲ, ಹೇಳಿದ್ದು ಅತ್ತೆ, ಪಾತ್ರೆ ಒರೆಸುತ್ತ, ತಣ್ಣಗೆ, ಚಿಕ್ಕವನಿದ್ದಾಗ ಊರು ಬಿಟ್ಟು ಬಂದ್ವಿ, ಬಸ್ ಸ್ಟ್ಯಾಂಡಿನಲ್ಲಿ ಟ್ರಂಕಿನ ಮೇಲೆ ಇವನನ್ನ ಕೂರಿಸಿ, ನೋಡ್ಕೊಂಡಿರು ಮರಿ ಅಂತ ಇವರಪ್ಪ ಟಿಕೆಟ್ಟಿಗೆ ಹೋದ್ರು, ನಾನು ನೀರಿಗೆ, ಕೂಸು, ನಿದ್ದೆ ಬಂತು, ಬಂದು ನೋಡಿದ್ರೆ ನೆಲದ ಮೇಲೆ ಮಲಗಿದ್ದ, ಟ್ರಂಕಿಲ್ಲ, ಎತ್ತಿ ಕೆಳಗೆ ಮಲಗಿಸಿ ಹೋಗಿದ್ರು ಪುಣ್ಯಾತ್ಮರು, ತಲೆ ಕೆಳಗೆ ಒಂದು ಬಟ್ಟೆ ಇಟ್ಟಿದ್ರಮ್ಮ, ನೋಯದೇ ಇರಲಿ ಅಂತ.

ಹಾಗಿದ್ದೂ ಅವನೇ ಕಳೆದದ್ದು, ಅದನ್ನು ನೆನೆದರೆ ಈಗಲೂ, ಈ ಬಿಸಿಲಲ್ಲಿ, ಈ ಗೋಡೆಯ ಮುಂದೆ ಕೂಡ — ಮದುವೆಯಾದ ಹೊಸತು, ಸಮುದ್ರ ನೋಡಲು ಇಡೀ ಹಗಲಿನ ರೈಲು, ಅಕ್ಕ ಕೊಟ್ಟ ಹೊಸ ಸೂಟ್‌ಕೇಸು, ಅದರ ತುಂಬ ಅವನು ಹಳೇ ಪತ್ರಿಕೆ ತುಂಬಿದ, ತೂಕ ಸರಿ ಬರಲೆಂದು ಒಂದು ಇಟ್ಟಿಗೆ, ಕಳ್ಳನಿಗೆ ಇದೇ ಕಾಣ್ಬೇಕು, ನಮ್ಮ ನಿಜವಾದ ಸಾಮಾನು ಕಾಣಬಾರದು, ನಿಜವಾದ ಸಾಮಾನೆಲ್ಲ, ಬಟ್ಟೆ, ಸೋಪು, ಅವಳ ಹೊಸ ಸ್ವೆಟರು, ಹಿಡಿಕೆ ಕಿತ್ತ ಹಳೇ ಚೀಲಕ್ಕೆ, ಹೊಲಿಗೆ ಬಿಟ್ಟ, ಎಣ್ಣೆ ಕಲೆಯ, ಕಂಡರೆ ಕಾಲಲ್ಲಿ ಸರಿಸುವಂಥ ಚೀಲಕ್ಕೆ. ಸೂಟ್‌ಕೇಸನ್ನು ಸರಪಳಿ ಹಾಕಿ ಸೀಟಿನ ಕಾಲಿಗೆ ಬಿಗಿದು ಎರಡೆರಡು ಸಲ ಜಗ್ಗಿ ನೋಡಿದ, ಎದುರು ಸೀಟಿನ ಮುದುಕರು ಕಣ್ಣರಳಿಸಿದರು, ಏನಪ್ಪಾ, ಬಂಗಾರನಾ, ಅವನು ನಾಚಿದವನ ಹಾಗೆ ನಕ್ಕ, ನಟ. ಮಧ್ಯಾಹ್ನ ಇಬ್ಬರೂ ಒಬ್ಬರ ಹೆಗಲಿಗೊಬ್ಬರು ಒರಗಿ ತೂಕಡಿಸಿ ಕಣ್ಣು ಬಿಟ್ಟರೆ ಬೋಗಿ ಗುಡಿಸಿ ಸ್ವಚ್ಛವಾಗಿದೆ, ಸೀಟಿನ ಕೆಳಗೆ ಕಡಲೆ ಸಿಪ್ಪೆ ಇಲ್ಲ, ಟೀ ಲೋಟ ಇಲ್ಲ, ಚೀಲವೂ ಇಲ್ಲ. ಗುಡಿಸುವವನು ಮುಂದಿನ ಬೋಗಿಯಲ್ಲಿ ಸಿಕ್ಕಿದ, ಪಾಪ, ಕೈಮುಗಿದ, ಕಸ ಅನ್ಕೊಂಡೆ ಸಾರ್, ಹಿಂದಿನ ಸ್ಟೇಷನ್ನಲ್ಲೇ ಇಳಿಸ್ಬಿಟ್ಟೆ, ಬೈಯುವ ಹಾಗೂ ಇಲ್ಲ, ಬೈಯದಿರುವ ಹಾಗೂ ಇಲ್ಲ, ಗಂಡ ಕೊನೆಗೆ ಅವಳ ಕಡೆ ತಿರುಗಿ, ನನ್ನ ಉಪಾಯ ಎಷ್ಟು ಚೆನ್ನಾಗಿತ್ತು ನೋಡು, ಅಂದ. ಲಾಡ್ಜಿನಲ್ಲಿ ಸರಪಳಿ ಬಿಚ್ಚಿ, ಬೀಗ ತೆಗೆದು, ಒಂದು ಇಟ್ಟಿಗೆಯನ್ನು ಮೇಜಿನ ಮೇಲಿಟ್ಟರು, ಅವಳು ನಗು ತಡೆಯಲಾಗದೆ ಹಾಸಿಗೆಯ ಮೇಲೆ ಉರುಳಾಡಿ ಹೊಟ್ಟೆ ಹಿಡಿದುಕೊಂಡಳು, ಅವನು ಗಂಭೀರವಾಗಿ ಪತ್ರಿಕೆಗಳನ್ನು ತಾರೀಕಿನ ಪ್ರಕಾರ ಜೋಡಿಸಿ ದಿಂಬಿಗೆ ಒರಗಿ ಓದಿ ಹೇಳಿದ, ಕೇಳಿಸ್ಕೋ, ನಾಳೆ ಭಾರೀ ಮಳೆ, ಯಾವ ನಾಳೆ, ಹೋದ ವರ್ಷದ್ದು, ಹಾಗಾದ್ರೆ ಕೊಡೆ ತಗೊಳ್ಳೋಣ್ವಾ. ಉಟ್ಟ ಬಟ್ಟೆಯಲ್ಲೇ ಸಮುದ್ರಕ್ಕಿಳಿದರು, ಒದ್ದೆ ಬಟ್ಟೆ ಕಿಟಕಿಗೆ ಹರಡಿ ಒಣಗುವ ತನಕ ಒಂದೇ ಬೆಡ್‌ಶೀಟಿನೊಳಗೆ ಇಬ್ಬರೂ, ಬಿಸಿಲಿಗೆ ಅವನ ಕೈ ಕಪ್ಪಾಗಿ ಸುಟ್ಟಿತು, ವಾಚು ಮಾತ್ರ ಬಿಚ್ಚಲಿಲ್ಲ ಅವನು, ಉಪ್ಪು ನೀರಲ್ಲೂ, ಬೆಡ್‌ಶೀಟಿನೊಳಗೂ, ಅಪ್ಪನದು, ಬಿಚ್ಚಿಟ್ಟರೆ ತಾನೆ ಕಳೆಯೋದು —

ಬಿಚ್ಚಿದ್ದು ಒಮ್ಮೆ. ಮೈಮೇಲಿರೋದನ್ನೆಲ್ಲ ತೆಗೆದುಕೊಡಿ, ಕಳೆದುಹೋದ್ರೆ ನಮ್ಮನ್ನ ಕೇಳ್ಬೇಡಿ, ಎಂದು ನರ್ಸು ಬಿಳಿ ಕವರು ಕೊಟ್ಟು ಹೋದಳು, ಸಂಜೆಯಿಂದ ಹೊಟ್ಟೆನೋವು ಅಂದದ್ದು, ಅಜೀರ್ಣ ಅಂದುಕೊಂಡದ್ದು, ಬೆಳಗಾಗುವಷ್ಟರಲ್ಲಿ ಮುಖ ಬೂದಿ, ಕರುಳಿನಲ್ಲಿ ತೂತಾಗಿದೆ, ತಕ್ಷಣ ತೆರೆಯಬೇಕು ಅಂದರು ಡಾಕ್ಟರು. ಗಾಲಿಯ ಮಂಚದ ಮೇಲೆ ಮಲಗಿಕೊಂಡೇ ಅವನು ಒಂದೊಂದಾಗಿ ಕೊಟ್ಟ, ಪರ್ಸು, ಒಳಗಿನ ಜಿಪ್ಪು ಹಾಕಿದೆಯಾ ನೋಡು, ಬೆಲ್ಟು, ಕನ್ನಡಕ ಕೊಡುವಾಗ ಸ್ವಲ್ಪ ತಡೆದು, ನೀನೀಗ ಬರೀ ಮಸುಕು ಕಣೇ, ಆಮೇಲೆ ವಾಚು, ಬಕಲ್ಲು ಬಿಗಿಯಾಗಿತ್ತು, ಅವಳೇ ಬಿಚ್ಚಿದಳು, ಹುಷಾರು, ಆಸ್ಪತ್ರೇಲೇ ಕಣೇ ಜಾಸ್ತಿ ಕಳ್ಳತನ ಆಗೋದು, ಎಲ್ಲರ ಗಮನ ಬೇರೆ ಕಡೆ ಇರುತ್ತೆ, ಕೈಯಿಂದ ಬಿಡಬೇಡ. ಬಿಡಲ್ಲ ಮಾರಾಯ. ಬೆಲ್ಟು ಕವರಿನಲ್ಲಿ ಕೂರಲಿಲ್ಲ, ಸುತ್ತಿದರೆ ಬಿಚ್ಚಿಕೊಂಡು ಹಾವಿನ ಹಾಗೆ ತಲೆಯೆತ್ತುತ್ತಿತ್ತು, ಕನ್ನಡಕಕ್ಕೆ ಗೀರು ಬೀಳದ ಹಾಗೆ ಕರವಸ್ತ್ರ ಸುತ್ತಬೇಕಿತ್ತು, ವಾಚನ್ನು ಕರವಸ್ತ್ರದೊಳಗೇ ಇಡಲೋ ಬೇರೆ ಇಡಲೋ, ತಲೆ ತಗ್ಗಿಸಿ ಗಂಟು ಹಾಕುತ್ತಿದ್ದಳು, ಒಂದು ಗಂಟು, ಅದರ ಮೇಲೊಂದು, ಅವನು ಏನೋ ಅಂದ, ಹೂಂ ಅಂದಳು, ತಲೆ ಎತ್ತಲಿಲ್ಲ, ಗಂಟು ಜಾರುತ್ತಿತ್ತು, ಹೂಂ, ಎತ್ತಿದಾಗ ಮಂಚ ಆಗಲೇ ಬಾಗಿಲ ಹತ್ತಿರ, ತಲೆ ಆ ಕಡೆ, ಕಾಲು ಈ ಕಡೆ, ಮುಖ ಕಾಣದು, ಪಕ್ಕದ ಕಂಬಿಯ ಮೇಲೆ ಅವನ ಕೈ, ಕಪ್ಪು ಕೈಯ ಸುತ್ತ ಬಿಳಿ ಪಟ್ಟಿ, ಬಿಸಿಲು ಎಂದೂ ಮುಟ್ಟದ ಚರ್ಮ, ಎಳೇ ಮಗುವಿನದರ ಹಾಗೆ. ಬಾಗಿಲು ಆಡಿತು, ನಿಂತಿತು. ಕಬ್ಬಿಣದ ಬೆಂಚಿನ ಮೇಲೆ ಅವಳು ಕವರನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು, ನೀರು ಕುಡಿಯಲು ಏಳಲಿಲ್ಲ, ಅತ್ತೆ ಬಂದು ಹೆಗಲು ಮುಟ್ಟಿದರೂ ಕೈ ಸಡಿಲಿಸಲಿಲ್ಲ, ಯಾರ ಕೈಗೂ ಕೊಡಲಿಲ್ಲ, ಕಳ್ಳ ಬಂದರೆ ಬರಲಿ ಎಂದು ಕಣ್ಣು ಕವರಿನ ಮೇಲೇ ನೆಟ್ಟು, ಎಷ್ಟು ಚೆನ್ನಾಗಿ ನೋಡಿಕೊಂಡಳು, ಒಂದು ಕರವಸ್ತ್ರವೂ ಹೋಗಲಿಲ್ಲ, ಡಾಕ್ಟರು ಬಂದು ಎದುರಿಗೆ ನಿಂತಾಗಲೂ ಅವಳು ನೋಡುತ್ತಿದ್ದದ್ದು ಗಂಟನ್ನು. ಏನಂದ ಅವನು. ಜಿಪ್ಪಿನ ವಿಷಯವೇ ಇರಬೇಕು, ಗಂಟು ಬಿಗಿಯಾಗಿ ಹಾಕು ಅಂತ ಇರಬೇಕು, ಅಥವಾ ಈ ಕಡೆ ನೋಡೇ ಅಂತ — ಬೇಡ. ಎಷ್ಟೋ ಸಲ ಆ ಹೂಂ ಅನ್ನು ಹಿಂದಕ್ಕೆ ತಿರುಗಿಸಿ ಅದರ ಹಿಂದಿನ ಮಾತನ್ನು ಹುಡುಕಿದ್ದಾಳೆ, ಸಿಗುವುದು ಕೈ ಒಂದೇ, ಕಂಬಿಯ ಮೇಲಿನ ಕೈ, ಬಿಳಿ ಪಟ್ಟಿ.

ಮೇಡಂ, ಇನ್ನು ಬಾಗಿಲು ಹಾಕ್ತೀನಿ, ಬರೋ ಹಾಗಿದ್ರೆ ಬನ್ನಿ, ಕಾವಲಿನ ಹೆಂಗಸು ಕೂಗುತ್ತಿದ್ದಾಳೆ, ಪರೀಕ್ಷೆ ಬರೆಯುವವರಲ್ಲಿ ಅಂಗಳದಲ್ಲಿ ಉಳಿದಿರುವುದು ತಾನೊಬ್ಬಳೇ, ಬಸ್ ಸ್ಟಾಪು ಆ ಕಡೆ, ಬಾಗಿಲು ಈ ಕಡೆ, ಕಾಲು ಬಸ್ಸಿನ ಕಡೆಗೇ ಹೊರಳುತ್ತಿದೆ, ಹೋದ ಸಲದ ಹಾಗೆ, ಅಕ್ಕನಿಗೆ ಈ ಸಲ ಏನು ಹೇಳುವುದು, ಅಕ್ಕ ಏನೂ ಕೇಳುವುದಿಲ್ಲ, ಅದೇ ಕಷ್ಟ, ಸುಮ್ಮನೆ ತಟ್ಟೆ ಹಾಕುತ್ತಾಳೆ, ನಾಳೆಯೂ ಹಾಕುತ್ತಾಳೆ, ನಾಡಿದ್ದೂ. ಒಳಗೆ ಗಡಿಯಾರ ಕೆಟ್ಟಿದೆ, ಮುಳ್ಳಿನ ವಾಚಿದ್ರೆ ಕಟ್ಕೊಂಡು ಬನ್ನಿ, ಅದಕ್ಕೆ ಬಿಡ್ತೀವಿ, ಕಾವಲಿನವಳು ಮತ್ತೆ ಕೂಗಿದಳು. ವಾಚಾ. ಹೂಂ ವಾಚು, ಬೇಗ ಬೇಗ. ನೆಲದ ಮೇಲೆಯೇ ಕೂತುಬಿಟ್ಟಳು, ಬ್ಯಾಗಿನ ತಳಕ್ಕೆ ಕೈ ಹಾಕಿ ಕವರು ಎಳೆದಳು, ಗಂಟು ಕಲ್ಲಾಗಿದೆ, ಉಗುರು ಹಿಡಿಯುತ್ತಿಲ್ಲ, ಪ್ಲಾಸ್ಟಿಕ್ಕು ಬೆರಳಿಗೆ ಕೊಯ್ಯುತ್ತಿದೆ, ಗೋಡೆಯ ಬುಡದ ಹೆಂಗಸು ಎದ್ದು ಬಂದು ಎದುರಿಗೆ ಬಗ್ಗಿ, ಕೊಡು ತಾಯಿ ನಾನು ಹರೀತೀನಿ, ಬೇಡ, ಹರಿಯಬೇಡಿ, ಎಂದು ಬಾಯಿಗೇ ಇಟ್ಟು ಹಲ್ಲಿನಲ್ಲಿ ಕಚ್ಚಿ ಎಳೆದಳು, ಸಡಿಲಿತು, ಮೇಲಿನದು, ಆಮೇಲೆ ಕೆಳಗಿನದು, ಬೆಲ್ಟು ಥಟ್ಟನೆ ಬಿಚ್ಚಿಕೊಂಡು ಕೈಗೆ ಬಡಿಯಿತು, ಔಷಧಿಯ ವಾಸನೆ, ಗೋದಾಮಿನದೋ ಆಸ್ಪತ್ರೆಯದೋ, ಎರಡೂ ಒಂದೇ ಈಗ, ಅದರ ಕೆಳಗಿನಿಂದ ವಾಚು. ಕಟ್ಟಿಕೊಂಡರೆ ಕೊನೆಯ ತೂತಿಗೂ ಸಡಿಲ, ಈ ವರ್ಷ ಅಷ್ಟು ಸೊರಗಿದ್ದಾಳೆ, ಮೊಣಕೈಯ ತನಕ ಜಾರಿತು, ಪಟ್ಟಿಯ ಒಳಗಡೆ ಅವನ ಬೆವರಿನ ಕಪ್ಪು ಗೆರೆ ಅವಳ ಚರ್ಮಕ್ಕೆ ಒರಟೊರಟಾಗಿ ತಾಗಿತು. ಬೆಲ್ಟು, ಪರ್ಸು, ಕರವಸ್ತ್ರದೊಳಗಿನ ಕನ್ನಡಕ ಕವರಿಗೆ, ಕವರು ಬ್ಯಾಗಿಗೆ, ಗಂಟು ಹಾಕಲು ಹೊತ್ತಿಲ್ಲ, ಪೆನ್ನು, ಪತ್ರ, ಚೀಟಿ ಸೊಂಟಕ್ಕೆ, ಬ್ಯಾಗು ಹೆಂಗಸಿನ ತೋಳಿಗೆ, ಇದರಲ್ಲಿ ಕನ್ನಡಕ ಇದೆ ಅಮ್ಮ, ಮೇಲೆ ಏನೂ ಇಡಬೇಡಿ. ಇಡಲ್ಲ, ಯಾರ ಕನ್ನಡಕಮ್ಮ, ನಿಮ್ಮ ಯಜಮಾನ್ರದಾ, ಮನೇಲಿ ಬಿಟ್ಟು ಬರೋದಲ್ವಾ, ಈಗ ಅವರಿಗೆ ಕಣ್ಣು ಕಾಣ್ಬೇಡ್ವಾ. ಅವಳು ಹೆಂಗಸಿನ ಮುಖ ನೋಡಿದಳು, ನಿಂತು ನೋಡಿದಳು, ಹುಬ್ಬಿನ ಮೇಲೆ ಬೆವರು, ಕೆಳತುಟಿಯಲ್ಲಿ ಒಂದು ಸೀಳು, ಹೌದಮ್ಮ, ಅಂದಳು, ನಡೆದಳು. ಬಾಗಿಲು, ತಡವುವ ಕೈ, ಮೆಟ್ಟಿಲು, ಕಾರಿಡಾರು, ಬರಿಗೈಗಳು ಹಗುರವಾಗಿ ಎತ್ತೆತ್ತಲೋ ಬೀಸುತ್ತಿವೆ, ಎಲ್ಲಿಡಬೇಕೋ ಗೊತ್ತಾಗದೆ, ಬೆಂಚು, ಸಂಖ್ಯೆ, ಪ್ರಶ್ನೆ ಪತ್ರಿಕೆ ಮಗುಚಿದ್ದು, ಮೇಷ್ಟರೊಬ್ಬರು ಕಿಟಕಿಯ ಹತ್ತಿರ ನಿಂತು ಅವಳ ತೋಳಿನ ವಾಚು ನೋಡಿ, ಟೈಮ್ ಎಷ್ಟಾಯ್ತು, ಅಂದರು, ಅವಳು ತೋಳು ಮಡಿಸಿ ವಾಚನ್ನು ಮುಂಗೈಗೆ ಇಳಿಸಿದಳು, ಮುಳ್ಳು ನಡೆಯುತ್ತಿದೆ, ಸೆಲ್ಲು ಇನ್ನೂ ಇದೆ, ಇಷ್ಟು ದಿನವೂ ಗಂಟಿನೊಳಗೆ ನಡೆಯುತ್ತಲೇ ಇತ್ತು ಅಂತಾಯಿತು, ಹೇಳಬೇಕು ಟೈಮು, ಬಾಯಿ ತೆರೆಯಬೇಕು, ಪಟ್ಟಿ ಸ್ವಲ್ಪ ಸರಿಸಿ ನೋಡಿದಳು, ಕೆಳಗೆ ಅವಳದೇ ಚರ್ಮ, ಗುರುತಿಲ್ಲ ಏನಿಲ್ಲ, ತನ್ನದು, ಅವನದು ಕಂಬಿಯ ಮೇಲೆ, ಮಂಚ ಹೋಗುತ್ತಿದೆ, ಮುಖ ಆ ಕಡೆ, ಕಪ್ಪು ಕೈ, ಬೆರಳು ಸ್ವಲ್ಪ ಮೇಲೆದ್ದಿವೆ, ಎದ್ದಿದ್ದವು, ಹೌದು, ಈ ಕಡೆಗೆ, ಅವುಗಳ ಹಿಂದೆ ಬಿಳಿ ಪಟ್ಟಿ, ವಾಚಿನಷ್ಟೇ ಅಗಲ, ಬಿಳಿ —